ಡಬ್ಬಿಯೊಳಗಿನ ಮುಖಗಳು ಯಾರ ಅಮಾನತ್ತು?

2019ರ ಆಗಸ್ಟ್ ತಿಂಗಳಲ್ಲಿ ಕೃಷ್ಣೆ, ದೂಧಗಂಗೆ, ವೇದಗಂಗೆ ಒಟ್ಟೊಟ್ಟಿಗೇ ಉಕ್ಕಿ ಬಂದದ್ದನ್ನು ನಮ್ಮ ಭಾಗದ ಜನ ಇನ್ನೂ ಮರೆತಿಲ್ಲ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳ ನದಿದಂಡೆಯ ಹಳ್ಳಿಗಳಲ್ಲಿ ದಿನಗಟ್ಟಲೆ ನೀರು ನಿಂತಿತ್ತು. ನೀರು ಇಳಿದ ಮೇಲೆ ಪರಿಹಾರ ಸಾಮಗ್ರಿ ಹಂಚುವ ಗೆಳೆಯರ ಜೊತೆ ರಾಯಬಾಗ ತಾಲೂಕಿನ ಒಂದು ಹಳ್ಳಿಗೆ ಹೋಗಿದ್ದೆ. ಪ್ರತಿ ಮನೆಯ ಕಟ್ಟೆಯ ಮೇಲೂ ಆ ಮನೆಯ ಸಂಸಾರ ಬಿಸಿಲಿಗೆ ಹರಡಿತ್ತು. ಕೌದಿ, ಮೊಳಕೆ ಬಂದ ಜೋಳ, ರೇಷನ್ ಕಾರ್ಡು, ಮಕ್ಕಳ ಪಾಟಿಚೀಲ, ಗೋಡೆಯ ಫೋಟೊಗಳು. ಒಂದು ಮನೆಯ ಮುಂದೆ ವಯಸ್ಸಾದ ಹಿರಿಯರೊಬ್ಬರು ಕೆಸರು ತುಂಬಿದ ವಿಡಿಯೋ ಕ್ಯಾಸೆಟ್ಟೊಂದನ್ನು ಧೋತರದ ಅಂಚಿನಿಂದ ಒರೆಸುತ್ತ ಕೂತಿದ್ದರು.

"ನೋಡ್ರಿ ಅಣ್ಣಾರ, ಉಣ್ಣೂ ಜ್ವಾಳ ಹರಕೊಂಡ ಹೋದ್ವು, ಮಾವಾರು ಈ ಕ್ಯಾಸೆಟ್ ಹಿಡಕೊಂಡ ಕುಂತಾರ" ಎಂದು ಅವರ ಸೊಸೆ ಬೇಸರದಿಂದ ಹೇಳಿದರು. ಹಿರಿಯರು ತಲೆ ಎತ್ತಲಿಲ್ಲ. "ಹಂಗನಬ್ಯಾಡವಾ. ಇದರಾಗ ನಿಮ್ಮತ್ತಿ ನಡದಾಡ್ತಾಳ" ಎಂದರು.

ಅದು ಅವರ ಮಗಳ ನಿಕಾಹ್‌ನ ಕ್ಯಾಸೆಟ್. 1994ರದ್ದು. ಹೆಂಡತಿ ತೀರಿಕೊಂಡು ಹನ್ನೆರಡು ವರ್ಷವಾಗಿತ್ತು. ಆಕೆಯ ಫೋಟೊಗಳು ಬೇರೆ ಇದ್ದಿರಬಹುದು. ಆದರೆ ಆಕೆ ನಡೆದಾಡುವುದು, ಸೆರಗು ಸರಿಪಡಿಸಿಕೊಳ್ಳುವುದು, ಯಾರನ್ನೋ ಕರೆಯುವುದು ಆ ಒಂದೇ ಕ್ಯಾಸೆಟ್ಟಿನಲ್ಲಿತ್ತು.

ಸೊಸೆಯ ಮಾತಿನಲ್ಲಿ ತಪ್ಪು ಹುಡುಕುವುದು ಸುಲಭವಲ್ಲ. ಉಣ್ಣುವ ಜೋಳವೇ ಹೋದ ಮನೆಯಲ್ಲಿ ಕ್ಯಾಸೆಟ್ಟಿಗೆ ಏನು ಬೆಲೆ? ಶಾಲೆ, ಆಸ್ಪತ್ರೆ, ರಸ್ತೆ ಇಲ್ಲದ ಕಡೆ ಹಳೆಯ ಚಿತ್ರಗಳನ್ನು ಕಾಪಾಡಲು ಹಣ ಖರ್ಚು ಮಾಡುವುದು ನ್ಯಾಯವೇ? ಹಾಗೆ ಕಾಪಾಡುವುದಾದರೆ ಯಾರ ಚಿತ್ರವನ್ನು? ನಮ್ಮವರದನ್ನು ಮಾತ್ರವೇ, ಪರರದನ್ನೂ ಸಹವೇ? ಕಾಪಾಡಿದ ಮೇಲೆ ಅದು ಯಾರ ಸೊತ್ತು? ಆ ದಿನ ಮನಸ್ಸಿಗೆ ಹೊಕ್ಕ ಈ ಪ್ರಶ್ನೆಗಳು ಇಂದಿಗೂ ಬಿಟ್ಟು ಹೋಗಿಲ್ಲ. ಅವುಗಳನ್ನು ಓದುಗರ ಮುಂದೆ ಇಡುವುದಕ್ಕಾಗಿಯೇ ಈ ಬರಹ.

ನಿಪ್ಪಾಣಿಯ ಹೆಂಗಸರು ಬರ್ಲಿನ್ ಸೇರಿದ್ದು

ನಮ್ಮ ಭಾಗದಲ್ಲಿಯೇ ಇದಕ್ಕೆ ಒಂದು ದೊಡ್ಡ ಉದಾಹರಣೆ ಇದೆ. ನಿಪ್ಪಾಣಿ ಎಂದರೆ ತಂಬಾಕು. ಬೀಡಿ ತಂಬಾಕಿನ ವ್ಯಾಪಾರದಿಂದಲೇ ಬೆಳೆದ ಪೇಟೆ ಅದು. 1981ರಲ್ಲಿ ತಂಬಾಕು ಬೆಳೆಗಾರರು ಶರದ್ ಜೋಶಿಯವರ ಶೇತಕರಿ ಸಂಘಟನೆಯ ನೇತೃತ್ವದಲ್ಲಿ ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ವಾರಗಟ್ಟಲೆ ಕೂತರು. ಏಪ್ರಿಲ್‌ನಲ್ಲಿ ನಡೆದ ಗೋಲಿಬಾರಿನಲ್ಲಿ ರೈತರು ಪ್ರಾಣ ಕಳೆದುಕೊಂಡರು. ಆ ಸುದ್ದಿ ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ಆದರೆ ಅದೇ ಊರಿನ ವಖಾರಿಗಳ ಒಳಗೆ ತಂಬಾಕು ಕುಟ್ಟುವ, ಜರಡಿ ಹಿಡಿಯುವ ಸಾವಿರಾರು ಹೆಂಗಸರಿದ್ದರು. ದಿನವಿಡೀ ತಂಬಾಕಿನ ಧೂಳು ಕುಡಿದು, ಕಡಿಮೆ ಕೂಲಿಗೆ ದುಡಿದು, ಮುಕಾದಮನ ಬೈಗುಳ ಕೇಳಿ ಸಾಕಾಗಿ ಅವರೂ ಸಂಘ ಕಟ್ಟಿದರು. ಅವರ ಸುದ್ದಿ ಪತ್ರಿಕೆಗಳಲ್ಲಿ ಅಷ್ಟಾಗಿ ಬರಲಿಲ್ಲ.

ಅದು ಉಳಿದದ್ದು ಒಂದು ಚಿಕ್ಕ ಚಲನಚಿತ್ರದಲ್ಲಿ. 1980ರಲ್ಲಿ ಬೆಂಗಳೂರಿನಲ್ಲಿ 'ಯುಗಾಂತರ' ಎಂಬ ಸ್ತ್ರೀವಾದಿ ಚಿತ್ರ ತಂಡ ಹುಟ್ಟಿಕೊಂಡಿತು. ದೀಪಾ ಧನರಾಜ್, ಆಭಾ ಭೈಯಾ, ಮೀರಾ ರಾವ್ ಮತ್ತು ಛಾಯಾಗ್ರಾಹಕ ನವರೋಜ್ ಕಂಟ್ರಾಕ್ಟರ್ ಅದರಲ್ಲಿದ್ದರು. ಕೆಲವೇ ವರ್ಷಗಳಲ್ಲಿ ಈ ತಂಡ ಮಾಡಿದ್ದು ನಾಲ್ಕು ಚಿತ್ರ. ಮನೆಗೆಲಸದ ಹೆಂಗಸರ ಕುರಿತು ಪುಣೆಯಲ್ಲಿ ಒಂದು. ಮರುವರ್ಷ, 1982ರಲ್ಲಿ, ನಿಪ್ಪಾಣಿಯ ತಂಬಾಕು ಕಾರ್ಮಿಕ ಹೆಂಗಸರ ಕುರಿತು ಇನ್ನೊಂದು. ಅದರ ಹೆಸರು 'ತಂಬಾಕೂ ಚಾಕೀಲಾ ಊಬ್ ಆಲಿ'. ಮರಾಠಿಯಲ್ಲಿ ಊಬ್ ಎಂದರೆ ಕಾವು. 16 ಎಂಎಂ ಫಿಲಂನಲ್ಲಿ ತೆಗೆದ, ಅರ್ಧ ತಾಸೂ ಇಲ್ಲದ ಕಪ್ಪು-ಬಿಳುಪು ಚಿತ್ರ. ತಂಡದವರು ಕ್ಯಾಮೆರಾ ಹಿಡಿದು ಬಂದು ನಾಲ್ಕು ದಿನದಲ್ಲಿ ಮುಗಿಸಿಕೊಂಡು ಹೋದವರಲ್ಲ. ತಿಂಗಳುಗಟ್ಟಲೆ ಆ ಹೆಂಗಸರ ಜೊತೆ ಇದ್ದು, ಅವರ ಮಾತು ಕೇಳಿ, ಏನನ್ನು ಹೇಗೆ ತೋರಿಸಬೇಕು ಎಂಬುದನ್ನು ಅವರ ಜೊತೆಯಲ್ಲಿಯೇ ಚರ್ಚಿಸಿ ತೆಗೆದ ಚಿತ್ರ ಅದು. ಅದರಲ್ಲಿ ಆ ಹೆಂಗಸರು ತಮ್ಮ ಕಥೆಯನ್ನು ತಾವೇ ಹೇಳುತ್ತಾರೆ.

ಹಲವು ವರ್ಷಗಳ ನಂತರ ಜರ್ಮನಿಯ ಬರ್ಲಿನ್ ನಗರದ ಆರ್ಸೆನಾಲ್ ಎಂಬ ಚಲನಚಿತ್ರ ಸಂಸ್ಥೆ ಯುಗಾಂತರದ ಚಿತ್ರಗಳನ್ನು ದುರಸ್ತಿ ಮಾಡಿ ಡಿಜಿಟಲ್ ರೂಪಕ್ಕೆ ತಂದಿತು. ಹೈದರಾಬಾದಿನ 1984ರ ಕೋಮುಗಲಭೆಯ ಬಗ್ಗೆ ದೀಪಾ ಧನರಾಜ್ 1986ರಲ್ಲಿ ತೆಗೆದ 'ಕ್ಯಾ ಹುವಾ ಇಸ್ ಶಹರ್ ಕೋ' ಚಿತ್ರ ಕೂಡ ಅಲ್ಲಿಯೇ ಮರುಜೀವ ಪಡೆಯಿತು. ನವರೋಜ್ ಕಂಟ್ರಾಕ್ಟರ್ 2023ರ ಜೂನ್‌ನಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಅವರ ಕ್ಯಾಮೆರಾ ಕಂಡ ನಿಪ್ಪಾಣಿ ಉಳಿದಿದೆ.

ಸಂತೋಷದ ಮಾತೇ. ಆದರೆ ಆ ಚಿತ್ರದಲ್ಲಿ ಮುಖ ಎತ್ತಿ ಮಾತಾಡಿದ ಹೆಂಗಸರ ಮೊಮ್ಮಕ್ಕಳು ಇಂದು ನಿಪ್ಪಾಣಿಯ ಕಾಲೇಜುಗಳಲ್ಲಿ ಓದುತ್ತಿರಬಹುದು. ಅವರಲ್ಲಿ ಎಷ್ಟು ಮಂದಿಗೆ ತಮ್ಮ ಅಜ್ಜಿ ಬರ್ಲಿನ್ನಿನ ಸಂಗ್ರಹಾಲಯದಲ್ಲಿ ಯುವತಿಯಾಗಿಯೇ ಇದ್ದಾಳೆ ಎಂಬುದು ಗೊತ್ತು? ಉಳಿಸುವುದು ಒಂದು ಕೆಲಸ, ಮರಳಿಸುವುದು ಇನ್ನೊಂದು. ಮೊದಲನೆಯದನ್ನು ಪರದೇಶದವರು ಮಾಡಿಕೊಟ್ಟರು. ಎರಡನೆಯದು ನಮ್ಮ ಪಾಲಿಗೆ ಬಂದಿದೆ.

ಸುಮ್ಮನೆ ಇಟ್ಟರೆ ಉಳಿಯದು

ಪೆಟ್ಟಿಗೆಯಲ್ಲಿ ಭದ್ರವಾಗಿ ಇಟ್ಟರೆ ಸಾಕು, ಚಿತ್ರ ಉಳಿಯುತ್ತದೆ ಎಂದು ನಾವು ತಿಳಿದಿದ್ದೇವೆ. ಅದು ನಿಜವಲ್ಲ. ಮನೆಬಳಕೆಯ 8 ಎಂಎಂ, 16 ಎಂಎಂ ಫಿಲಂಗಳು ಅಸಿಟೇಟ್ ಎಂಬ ವಸ್ತುವಿನಿಂದ ಆದವು. ಸೆಕೆ ಮತ್ತು ತೇವದಲ್ಲಿ ಅದು ನಿಧಾನವಾಗಿ ಕೊಳೆಯುತ್ತದೆ. ಆಗ ಹೊರಬರುವ ಅಸಿಟಿಕ್ ಆಮ್ಲದಿಂದ ಡಬ್ಬಿ ತೆರೆದ ಕೂಡಲೇ ವಿನೆಗರ್ ವಾಸನೆ ಮೂಗಿಗೆ ಬಡಿಯುತ್ತದೆ. ಫಿಲಂ ಕುಗ್ಗಿ, ಸೊಟ್ಟಗಾಗಿ, ಕೊನೆಗೆ ಹಪ್ಪಳದಂತೆ ಮುರಿಯುತ್ತದೆ. ಪಕ್ಕದ ಡಬ್ಬಿಗೂ ಹರಡುತ್ತದೆ. ಒಮ್ಮೆ ಶುರುವಾದರೆ ತಂಪಿನಲ್ಲಿಟ್ಟು ನಿಧಾನಗೊಳಿಸಬಹುದು, ಹಿಂದಕ್ಕೆ ತಿರುಗಿಸಲಾಗದು. ವಿಡಿಯೋ ಕ್ಯಾಸೆಟ್ಟಿನ ಗತಿ ಬೇರೆ. ಟೇಪಿಗೆ ಬೂಸು ಹಿಡಿಯುತ್ತದೆ, ಅದನ್ನು ತೋರಿಸುವ ಯಂತ್ರವೇ ಇಲ್ಲವಾಗುತ್ತದೆ. ಕೊನೆಯವರೆಗೂ ವಿಸಿಆರ್ ತಯಾರಿಸುತ್ತಿದ್ದ ಜಪಾನಿನ ಫುನಾಯ್ ಕಂಪನಿ 2016ರಲ್ಲಿ ಅದನ್ನು ನಿಲ್ಲಿಸಿತು.

ಕಾಪಾಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ಸಾಕ್ಷಿಯೂ ನಮ್ಮ ಪಕ್ಕದಲ್ಲೇ ಇದೆ. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' 1934ರಲ್ಲಿ ತೆರೆಕಂಡಿತು. ಅದರ ಚಿತ್ರೀಕರಣ ನಡೆದದ್ದು ನಿಪ್ಪಾಣಿಯಿಂದ ಬಸ್ಸಿನಲ್ಲಿ ಒಂದು ತಾಸಿನ ಹಾದಿಯ ಕೊಲ್ಹಾಪುರದಲ್ಲಿ. ಇಂದು ಅದರ ಪ್ರತಿ ಇಲ್ಲ. 1931ರ 'ಆಲಂ ಆರಾ', ಭಾರತದ ಮೊದಲ ವಾಕ್ಚಿತ್ರ, ಅದೂ ಇಲ್ಲ. 1964ರಲ್ಲಿ ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಸ್ಥಾಪನೆಯಾಗಿ, ಪಿ.ಕೆ. ನಾಯರ್ ಅವರಂಥವರು ಊರೂರು ಅಲೆದು ಸಂಗ್ರಹಿಸದೆ ಹೋಗಿದ್ದರೆ ಇನ್ನೂ ಎಷ್ಟೋ ಹೋಗಿಬಿಡುತ್ತಿತ್ತು. ಅಲ್ಲಿಯೂ 2003ರ ಜನವರಿಯ ಬೆಂಕಿ ಹಳೆಯ ನೈಟ್ರೇಟ್ ಫಿಲಂಗಳನ್ನು ಬೂದಿ ಮಾಡಿತು. ತಾರೆಯರಿದ್ದ, ಟಿಕೇಟಿಗೆ ಜನ ಮುಗಿಬಿದ್ದ ಚಿತ್ರಗಳ ಗತಿಯೇ ಇದಾದರೆ ಸಾಮಾನ್ಯರ ಮನೆಯ ಕ್ಯಾಸೆಟ್ಟನ್ನು ಕೇಳುವವರು ಯಾರು?

ತಮ್ಮ ಬದುಕನ್ನು ತಾವೇ ಚಿತ್ರಿಸಿಕೊಂಡವರು

ಹಾಗೆ ಕೇಳಿದವರೂ ಜಗತ್ತಿನಲ್ಲಿ ಇದ್ದಾರೆ. ತಮ್ಮ ಹಳ್ಳಿಯ ಸಾಮೂಹಿಕ ಬದುಕನ್ನು ತಾವೇ ಚಿತ್ರೀಕರಿಸಿ, ಆ ಚಿತ್ರಗಳನ್ನು ಜತನದಿಂದ ಕಾಪಾಡಿಕೊಂಡವರಲ್ಲಿ ಕಿಬ್ಬುತ್ಸ್‌ಗಳ ಯಹೂದಿಗಳು ಮುಖ್ಯರು. ಕಿಬ್ಬುತ್ಸ್ ಎಂದರೆ ಎಲ್ಲವನ್ನೂ ಹಂಚಿಕೊಂಡು ಬಾಳುವ ಕೃಷಿ ಗ್ರಾಮ. ಮೊದಲನೆಯದಾದ ದೆಗಾನಿಯಾ 1910ರಲ್ಲಿ ಗಲಿಲೀ ಸರೋವರದ ದಂಡೆಯಲ್ಲಿ ಹುಟ್ಟಿತು. ಇಂದು ಇಸ್ರೇಲಿನಲ್ಲಿ ಸುಮಾರು 270 ಕಿಬ್ಬುತ್ಸ್‌ಗಳಿದ್ದರೂ ಹೆಚ್ಚಿನವು ಆ ಹಳೆಯ ಸಮಪಾಲಿನ ಪದ್ಧತಿಯನ್ನು ಬಿಟ್ಟಿವೆ. ಆ ಕಾಲದಲ್ಲಿ ಅಲ್ಲಿ ಊಟದ ಮನೆ ಒಂದೇ, ಹೊಲ ಒಂದೇ, ಸಂಬಳ ಯಾರಿಗೂ ಇಲ್ಲ. ಕ್ಯಾಮೆರಾ ಹಿಡಿಯಲು ಬಲ್ಲ ಸದಸ್ಯರು ಸುಗ್ಗಿ, ಹಬ್ಬ, ಮಕ್ಕಳ ಆಟ, ಹೊಸ ಟ್ರಾಕ್ಟರು ಎಲ್ಲವನ್ನೂ ತೆಗೆದಿಟ್ಟರು. ವೃತ್ತಿಯಿಂದ ಅವರು ಚಿತ್ರಕಾರರಲ್ಲ. ದನ ಮೇಯಿಸುವವರು, ಹೊಲ ಉಳುವವರು. ಆ ಫಿಲಂಗಳು ಆಯಾ ಗ್ರಾಮಗಳ ಸಂಗ್ರಹಗಳಲ್ಲಿಯೂ ದೊಡ್ಡ ಸಂಸ್ಥೆಗಳಲ್ಲಿಯೂ ಉಳಿದಿವೆ.

2007ರಲ್ಲಿ ರಾನ್ ತಾಲ್ ಎಂಬ ಇಸ್ರೇಲಿ ನಿರ್ದೇಶಕ ಇಂಥ ಹವ್ಯಾಸಿ ಚಿತ್ರಗಳನ್ನೇ ಜೋಡಿಸಿ 'ಸೂರ್ಯನ ಮಕ್ಕಳು' ಎಂಬ ಅರ್ಥದ ಹೆಸರಿನ ಸಾಕ್ಷ್ಯಚಿತ್ರ ಮಾಡಿದ. ಪರದೆಯ ಮೇಲೆ ಹಳೆಯ ದೃಶ್ಯಗಳು. ಹಿನ್ನೆಲೆಯಲ್ಲಿ ಆ ದೃಶ್ಯಗಳ ಕಾಲದಲ್ಲಿ ಮಕ್ಕಳಾಗಿದ್ದು ಈಗ ಮುದುಕರಾದವರ ಮಾತು. ಕಿಬ್ಬುತ್ಸ್‌ಗಳಲ್ಲಿ ಮಕ್ಕಳು ತಂದೆ-ತಾಯಿಯ ಬಳಿ ಮಲಗುತ್ತಿರಲಿಲ್ಲ. ಎಲ್ಲ ಮಕ್ಕಳಿಗೂ ಸೇರಿ 'ಮಕ್ಕಳ ಮನೆ' ಇರುತ್ತಿತ್ತು. ಹೊಸ ಮನುಷ್ಯನನ್ನು ರೂಪಿಸುವ ಆದರ್ಶ ಅದರ ಹಿಂದಿತ್ತು. 1990ರ ದಶಕದ ಹೊತ್ತಿಗೆ ಆ ಪದ್ಧತಿ ನಿಂತುಹೋಯಿತು. ಚಿತ್ರದಲ್ಲಿ ಮಕ್ಕಳು ಬಿಸಿಲಿನಲ್ಲಿ ನಗುತ್ತ ಓಡುತ್ತಾರೆ. ಮಾತಿನಲ್ಲಿ ಆ ಸಂತೋಷದ ನೆನಪೂ ಇದೆ, ತಾಯಿಯಿಲ್ಲದ ರಾತ್ರಿಗಳ ನೋವೂ ಇದೆ. ಹಗಲಿನಲ್ಲಿ ತಿರುಗುತ್ತಿದ್ದ ಕ್ಯಾಮೆರಾ ರಾತ್ರಿಯ ಅಳುವನ್ನು ಹಿಡಿದಿರಲಿಲ್ಲ. ಚಿತ್ರವನ್ನು ಮಾತ್ರ ಉಳಿಸಿ ಮಾತನ್ನು ಬಿಟ್ಟಿದ್ದರೆ ನಮಗೆ ಸಿಗುತ್ತಿದ್ದುದು ಅರ್ಧ ಸತ್ಯ.

ಚೌಕಟ್ಟಿನ ಹೊರಗೆ ಇನ್ನೂ ಒಂದು ಸಂಗತಿ ಇತ್ತು. 1948ರಲ್ಲಿ ನಾನೂರಕ್ಕೂ ಹೆಚ್ಚು ಫೆಲೆಸ್ತೀನೀ ಹಳ್ಳಿಗಳು ಬರಿದಾದವು. ಅವುಗಳ ಜಮೀನಿನಲ್ಲಿ ಎದ್ದುನಿಂತ ಕಿಬ್ಬುತ್ಸ್‌ಗಳು ಅನೇಕ. ಆ ಹಳ್ಳಿಗಳಲ್ಲಿಯೂ ಸುಗ್ಗಿ ಇತ್ತು, ಮದುವೆ ಇತ್ತು, ಮಕ್ಕಳ ಆಟ ಇತ್ತು. ಅವರ ಕೈಯಲ್ಲಿ ಕ್ಯಾಮೆರಾ ಇರಲಿಲ್ಲ. ಮುಂದೆ 1960ರ ದಶಕದ ಕೊನೆಯಿಂದ ಫೆಲೆಸ್ತೀನೀಯರು ತಮ್ಮದೇ ಚಿತ್ರಗಳನ್ನು ತೆಗೆದು ಬೈರೂತಿನಲ್ಲಿ ಸಂಗ್ರಹ ಕಟ್ಟಿದರು. 1982ರಲ್ಲಿ ಲೆಬನಾನಿನ ಮೇಲೆ ಇಸ್ರೇಲ್ ದಾಳಿ ನಡೆಸಿದ ಸಂದರ್ಭದಲ್ಲಿ ಆ ಚಿತ್ರ ಸಂಗ್ರಹ ಕಣ್ಮರೆಯಾಯಿತು. ಅಂಥ ಕೆಲವು ಚಿತ್ರಗಳು ಇಸ್ರೇಲಿ ಸೇನೆಯ ದಾಖಲೆಗಳ ನಡುವೆ ಇವೆ ಎಂಬುದನ್ನು ರೋನಾ ಸೆಲಾ ಎಂಬ ಇಸ್ರೇಲಿ ಸಂಶೋಧಕಿಯೇ ವರ್ಷಗಟ್ಟಲೆ ಹುಡುಕಿ ತೋರಿಸಿ, 2017ರಲ್ಲಿ ಅದರ ಬಗ್ಗೆ ಚಿತ್ರ ಮಾಡಿದರು. ಒಂದು ಜನರ ಸುಗ್ಗಿಯ ಚಿತ್ರ ತಂಪು ಕೋಣೆಯಲ್ಲಿ ಭದ್ರವಾಗಿದೆ, ನೆರೆಯ ಜನರ ಚಿತ್ರ ಕಳೆದುಹೋಗಿದೆ ಅಥವಾ ಬೀಗ ಹಾಕಿದ ಕಪಾಟಿನಲ್ಲಿದೆ. ಇದು ಕಾಪಾಡುವಿಕೆಯ ಕೆಲಸದೊಳಗೇ ಅಡಗಿರುವ ಅನ್ಯಾಯ.

ಪರರ ನೆನಪನ್ನು ಕಾಯಬೇಕೇ?

ಇಷ್ಟು ಹೇಳಿದಾಗ ನನ್ನ ಗೆಳೆಯನೊಬ್ಬ ಕೇಳಿದ: "ಹಂಗಾದರ ಅವರ ಚಿತ್ರ ಉಳದರ ನಮಗೇನು, ಹೋದರ ನಮಗೇನು? ಫೆಲೆಸ್ತೀನೀಯರದ್ದು ಹೋಗಿಲ್ಲೇನು?" ಅವನ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಆ ವಾದವನ್ನು ನಾನು ಒಪ್ಪಲಾರೆ. ಒಬ್ಬರ ನೆನಪು ಸುಟ್ಟದ್ದಕ್ಕೆ ಇನ್ನೊಬ್ಬರ ನೆನಪನ್ನು ಸುಡುವುದು ಪರಿಹಾರವಾದರೆ ಕೊನೆಗೆ ಉಳಿಯುವುದು ಬೂದಿ ಮಾತ್ರ. ಆ ಕಿಬ್ಬುತ್ಸ್ ಚಿತ್ರಗಳು ಉಳಿದದ್ದರಿಂದಲೇ ಅವುಗಳಲ್ಲಿ ಏನು ಕಾಣುವುದಿಲ್ಲ ಎಂಬ ಪ್ರಶ್ನೆಯನ್ನು ಇಂದು ಕೇಳಲು ಸಾಧ್ಯವಾಗಿದೆ. ಸುಟ್ಟುಹೋದ ಚಿತ್ರವನ್ನು ಯಾರೂ ಪ್ರಶ್ನಿಸಲಾಗದು.

ಇಲ್ಲಿ ನನಗೆ ನೆರವಿಗೆ ಬರುವುದು ನಮ್ಮ ನಿತ್ಯದ ಒಂದು ಶಬ್ದ. ಪತ್ರಿಕೆಗಳಲ್ಲಿ 'ಅಮಾನತು' ಎಂದು ಓದಿದರೆ ಯಾವನೋ ನೌಕರನನ್ನು ತಾತ್ಕಾಲಿಕವಾಗಿ ಕೆಲಸದಿಂದ ದೂರ ಇಟ್ಟರು ಎಂದು ತಿಳಿಯುತ್ತೇವೆ. ಅರಬಿ ಮೂಲದಲ್ಲಿ ಅಮಾನತ್ ಎಂದರೆ ನಂಬಿ ಒಪ್ಪಿಸಿದ ವಸ್ತು. ನಮ್ಮ ಮನೆಯ ಹಿರಿಯರು ಅದನ್ನು ಇಂದಿಗೂ ಅದೇ ಅರ್ಥದಲ್ಲಿ ಆಡುತ್ತಾರೆ. ಅಮಾನತ್ತಾಗಿ ಇಟ್ಟ ವಸ್ತು ಇಟ್ಟುಕೊಂಡವನ ಸೊತ್ತಲ್ಲ. ಅವನು ಅದನ್ನು ಕೆಡಲು ಬಿಡುವಂತಿಲ್ಲ, ಬದಲಾಯಿಸುವಂತಿಲ್ಲ, ಕೇಳಿದಾಗ ಇಲ್ಲ ಎನ್ನುವಂತಿಲ್ಲ. ಇಟ್ಟವನು ಸ್ನೇಹಿತನೋ ವಿರೋಧಿಯೋ ಎಂಬುದು ಇಲ್ಲಿ ಲೆಕ್ಕಕ್ಕೇ ಬಾರದು. ಪ್ರವಾದಿ ಮುಹಮ್ಮದ್(ಸ) ತಮ್ಮ ಪ್ರಾಣಕ್ಕೆ ಸಂಚು ನಡೆದ ರಾತ್ರಿ ಮಕ್ಕಾ ಬಿಟ್ಟು ಹೊರಡುವಾಗ, ತಮ್ಮ ಬಳಿ ಜನರು ಇಟ್ಟಿದ್ದ ಅಮಾನತ್ತುಗಳನ್ನು ಮರಳಿಸಿ ಬರಲು ಅಲೀ(ರ)ಯವರನ್ನು ಹಿಂದೆ ಬಿಟ್ಟು ಹೋದರೆಂಬುದು ಎಲ್ಲರಿಗೂ ಗೊತ್ತಿರುವ ಪ್ರಸಂಗ. ಅವರನ್ನು ಊರು ಬಿಡಿಸಿದ್ದು ಅದೇ ಊರಿನ ಜನ.

ಇದು ಬರೀ ಇತಿಹಾಸದ ಮಾತಾಗಿಯೂ ಉಳಿದಿಲ್ಲ. ಕೋಲ್ಕತ್ತಾದ ಯಹೂದಿಗಳು ಬಹುತೇಕ ಎಲ್ಲರೂ ವಲಸೆ ಹೋದ ಮೇಲೂ ಅಲ್ಲಿನ ಯಹೂದಿ ಪ್ರಾರ್ಥನಾ ಮಂದಿರಗಳನ್ನು ಗುಡಿಸಿ, ಒರೆಸಿ, ದೀಪ ಹಚ್ಚಿ ನೋಡಿಕೊಂಡವರು ತಲೆಮಾರುಗಳಿಂದ ಮುಸ್ಲಿಮರು. ನಮ್ಮಿಂದ ಘಟ್ಟ ಇಳಿದರೆ ಸಿಗುವ ಕೊಂಕಣದ ಹಳ್ಳಿಗಳಲ್ಲಿ ಬೆನೆ ಇಸ್ರಾಯೇಲರೆಂಬ ಯಹೂದಿಗಳು ಮರಾಠಿ ಆಡುತ್ತ, ಗಾಣದಲ್ಲಿ ಎಣ್ಣೆ ತೆಗೆಯುತ್ತ ಶತಮಾನಗಳ ಕಾಲ ಬಾಳಿದರು. ಶನಿವಾರ ಗಾಣ ನಿಲ್ಲಿಸುತ್ತಿದ್ದುದರಿಂದ ಊರವರು ಅವರನ್ನು 'ಶನಿವಾರ ತೇಲಿ' ಎಂದು ಕರೆದರು. 1948ರ ನಂತರ ಅವರಲ್ಲಿ ಹೆಚ್ಚಿನವರು ಇಸ್ರೇಲಿಗೆ ಹೋದರು. ಆ ಗಾಣದ ಹಳ್ಳಿಯ ಬದುಕು ಅವರದ್ದಷ್ಟೇ ಆಗಿರಲಿಲ್ಲ, ಅದೇ ಓಣಿಯ ಮುಸ್ಲಿಮರದ್ದೂ ಮರಾಠರದ್ದೂ ಆಗಿತ್ತು. ಒಂದು ಸಮುದಾಯದ ಚಿತ್ರದಲ್ಲಿ ನೆರೆಯವರೂ ಇರುತ್ತಾರೆ. ಹಾಗಾಗಿ ಪರರ ನೆನಪು ಎಂದು ನಾವು ದೂಡಿಬಿಡುವುದರಲ್ಲಿ ನಮ್ಮದೇ ಪಾಲು ಇರುತ್ತದೆ.

ಮುಚ್ಚಿಡುವುದೂ ಕಾಪಾಡುವುದೇ

ಇದಕ್ಕೆ ವಿರುದ್ಧವಾಗಿ ಇನ್ನೊಂದು ಬಲವಾದ ಆಕ್ಷೇಪವಿದೆ. ಚಿತ್ರದಲ್ಲಿರುವ ಎಲ್ಲರೂ ತಮ್ಮ ಮುಖ ಲೋಕಕ್ಕೆ ಕಾಣಲಿ ಎಂದು ಬಯಸಿರುತ್ತಾರೆಯೇ? ಮದುವೆ ಮನೆಯ ಒಳಕೋಣೆಯಲ್ಲಿ ತಮ್ಮವರ ನಡುವೆ ನಿರಾಳವಾಗಿ ಕೂತ ಹೆಂಗಸು, ಮುಂದೊಂದು ದಿನ ತನ್ನ ಚಿತ್ರವನ್ನು ಅಪರಿಚಿತರು ಮೊಬೈಲಿನಲ್ಲಿ ನೋಡುತ್ತಾರೆ ಎಂದು ಎಣಿಸಿರಲಿಲ್ಲ. ವಖಾರಿಯ ಮಾಲಿಕನ ವಿರುದ್ಧ ಮಾತಾಡಿದವಳಿಗೆ ಆ ಮಾತಿನಿಂದ ಕೂಲಿ ಹೋಗುವ ಭಯವಿದ್ದಿರಬಹುದು. ಬದುಕಿನಲ್ಲಿ ಮರೆಯಬೇಕಾದದ್ದು ಇರುತ್ತದೆ. ಮರೆಯುವ ಹಕ್ಕೂ ಮನುಷ್ಯನಿಗೆ ಇರಬೇಕಲ್ಲವೇ?

ಇರಬೇಕು. ಅಮಾನತ್ತಿನ ವಿಚಾರ ಇಲ್ಲಿಯೂ ದಾರಿ ತೋರಿಸುತ್ತದೆ. ನೆರೆಯವಳು ನಂಬಿ ಇಟ್ಟ ಒಡವೆಯ ಗಂಟನ್ನು ನಾವು ಜೋಪಾನ ಮಾಡುತ್ತೇವೆ, ಆದರೆ ಬಿಚ್ಚಿ ಓಣಿಗೆಲ್ಲ ತೋರಿಸುವುದಿಲ್ಲ. ಕಾಪಾಡುವುದು ಮತ್ತು ಪ್ರಚಾರ ಮಾಡುವುದು ಎರಡೂ ಒಂದೇ ಎಂದು ಈ ಕಾಲ ನಮಗೆ ಕಲಿಸಿಬಿಟ್ಟಿದೆ. ಯಾವುದನ್ನು ಎಲ್ಲರಿಗೂ ತೋರಿಸಬಹುದು, ಯಾವುದನ್ನು ಮನೆಯವರಿಗೆ ಮಾತ್ರ, ಯಾವುದನ್ನು ಇಷ್ಟು ವರ್ಷ ಕಳೆದ ನಂತರ ಎಂಬುದನ್ನು ಚಿತ್ರದಲ್ಲಿರುವವರು ಅಥವಾ ಅವರ ಮಕ್ಕಳು ಹೇಳಬೇಕು. ಇಟ್ಟುಕೊಂಡ ಸಂಸ್ಥೆ ಎಷ್ಟೇ ದೊಡ್ಡದಿರಲಿ, ಆ ಮಾತನ್ನು ಕೇಳಬೇಕು. ಚಿತ್ರವನ್ನು ನಾಶ ಮಾಡಿದರೆ ಮಾತ್ರ ಮುಂದೆ ಯಾರಿಗೂ ಯಾವ ಆಯ್ಕೆಯೂ ಉಳಿಯುವುದಿಲ್ಲ.

ಹೆಸರು ಹೇಳುವವರು ಇರುವಾಗಲೇ

1938ರಲ್ಲಿ ಅಮೆರಿಕದ ಯಹೂದಿ ವ್ಯಾಪಾರಿಯೊಬ್ಬ ಯುರೋಪ್ ಪ್ರವಾಸದಲ್ಲಿ ತಾನು ಹುಟ್ಟಿದ ಪೋಲೆಂಡಿನ ನಾಸಿಯೆಲ್ಸ್ಕ್ ಎಂಬ ಸಣ್ಣ ಊರಿಗೆ ಹೋಗಿ, ಕೈಯಲ್ಲಿದ್ದ ಕ್ಯಾಮೆರಾದಿಂದ ಮೂರು ನಿಮಿಷ ಚಿತ್ರ ತೆಗೆದ. ಬೀದಿಯಲ್ಲಿ ಮಕ್ಕಳು ಕ್ಯಾಮೆರಾದ ಮುಂದೆ ಬರಲು ನೂಕಾಡುತ್ತಾರೆ, ಅಷ್ಟೇ. ಮರುವರ್ಷ ಯುದ್ಧ ಶುರುವಾಯಿತು. ಆ ಊರಿನ ಸುಮಾರು ಮೂರು ಸಾವಿರ ಯಹೂದಿಗಳಲ್ಲಿ ಬದುಕಿ ಉಳಿದವರು ನೂರಕ್ಕಿಂತ ಕಡಿಮೆ. 2009ರಲ್ಲಿ ಅವನ ಮೊಮ್ಮಗ ಗ್ಲೆನ್ ಕರ್ಟ್ಜ್ ಫ್ಲೋರಿಡಾದ ಮನೆಯೊಂದರ ಕಪಾಟಿನಲ್ಲಿ ಆ ಫಿಲಂ ಕಂಡಾಗ ಅದು ಕುಗ್ಗಿ ಗಟ್ಟಿಯಾಗಿತ್ತು. ವಾಷಿಂಗ್ಟನ್ನಿನ ಹತ್ಯಾಕಾಂಡ ಸ್ಮಾರಕ ಸಂಗ್ರಹಾಲಯ ಅದನ್ನು ದುರಸ್ತಿ ಮಾಡಿಸಿತು. ಮುಂದೆ ಒಬ್ಬ ಮಹಿಳೆ ಆ ಚಿತ್ರದಲ್ಲಿನ ಹದಿಮೂರು ವರ್ಷದ ಹುಡುಗನನ್ನು ತನ್ನ ಅಜ್ಜ ಎಂದು ಗುರುತಿಸಿದಳು. ಅಜ್ಜ ಬದುಕಿದ್ದರು. ಅವರು ಒಂದೊಂದೇ ಮುಖಕ್ಕೆ ಹೆಸರು ಕೊಡುತ್ತ ಹೋದರು. ಅಲ್ಲಿಯವರೆಗೆ ಗುಂಪಾಗಿದ್ದದ್ದು ಆ ಮೇಲೆ ಮನುಷ್ಯರಾದರು. ಅವರು ಇನ್ನು ಹತ್ತು ವರ್ಷ ಮೊದಲೇ ತೀರಿಕೊಂಡಿದ್ದರೆ ಚಿತ್ರ ಉಳಿದೂ ಮುಖಗಳು ಅನಾಥವಾಗುತ್ತಿದ್ದವು.

ನಮ್ಮ ಐದು ತಾಲೂಕುಗಳಲ್ಲಿ ಇಂಥ ಅನಾಥ ಮುಖಗಳು ಎಷ್ಟೋ. ಮೊಹರಂನ ಅಲಾವಿಯ ಸುತ್ತ ಹಿಂದೂ-ಮುಸ್ಲಿಮರು ಒಟ್ಟಿಗೆ ಕುಣಿದದ್ದು, ಕುಡಚಿಯ ಉರುಸು, ಚಿಂಚಲಿ ಮಾಯಕ್ಕನ ಜಾತ್ರೆ, ರಾತ್ರಿಯಿಡೀ ನಡೆದ ಕೃಷ್ಣ ಪಾರಿಜಾತದ ಆಟ, ಹೊಲದ ರಾಶಿ, ನೂರಾರು ಮದುವೆಗಳು. ಇವುಗಳನ್ನು ತೆಗೆದವರು ಪೇಟೆಯ ಫೋಟೊ ಸ್ಟುಡಿಯೋದ ಹುಡುಗರು, ದುಬೈಯಿಂದ ಕ್ಯಾಮೆರಾ ತಂದ ಅಳಿಯಂದಿರು. ಆ ಕ್ಯಾಸೆಟ್ಟುಗಳು ಅಟ್ಟದ ಮೇಲಿವೆ. ಕೆಲವು 2005ರ ನೆರೆಯಲ್ಲಿ, ಕೆಲವು 2019ರ ನೆರೆಯಲ್ಲಿ ಹೋದವು. ನಾವು ಎಂದೂ ಕೂಡಿ ಬಾಳಿರಲೇ ಇಲ್ಲ ಎಂದು ಧೈರ್ಯವಾಗಿ ಹೇಳುವ ಜನ ಹೆಚ್ಚುತ್ತಿರುವ ಈ ಹೊತ್ತಿನಲ್ಲಿ ಅವು ಬರೀ ಮನೆಯ ನೆನಪಲ್ಲ, ಊರಿನ ಸಾಕ್ಷಿ.

ಮಾಡಬೇಕಾದ ಕೆಲಸ ಬಹಳ ದೊಡ್ಡದೇನಲ್ಲ. ನೀರು ಕುಡಿದ ಕ್ಯಾಸೆಟ್ಟನ್ನು ಬಿಸಿಲಿಗೆ ಇಡಬಾರದು, ಹಾಗೆಯೇ ಯಂತ್ರಕ್ಕೂ ಹಾಕಬಾರದು. ಶುದ್ಧ ನೀರಿನಲ್ಲಿ ಕೆಸರು ತೊಳೆದು ನೆರಳಲ್ಲಿ ಆರಲು ಬಿಟ್ಟು ಬಲ್ಲವರಿಗೆ ಒಪ್ಪಿಸಬೇಕು. ಕಂಪ್ಯೂಟರಿಗೆ ಇಳಿಸಿದ ಮೇಲೂ ಒಂದೇ ಕಡೆ ಇಡದೆ ಎರಡು ಮೂರು ಕಡೆ ಪ್ರತಿ ಇಡಬೇಕು, ಮೂಲವನ್ನು ಒಗೆಯಬಾರದು. ಎಲ್ಲಕ್ಕಿಂತ ಮೊದಲು ಹಿರಿಯರ ಜೊತೆ ಕೂತು ನೋಡಿ, ಅವರು ಹೇಳುವ ಹೆಸರುಗಳನ್ನು ಬರೆದಿಡಬೇಕು. ಊರಿನ ಶಾಲೆ, ಗ್ರಂಥಾಲಯ, ಮಸೀದಿ ಕಮಿಟಿ, ಮಠ, ಯಾರು ಬೇಕಾದರೂ ಇದನ್ನು ಮಾಡಬಹುದು. ಹಲವು ದೇಶಗಳಲ್ಲಿ '‌ಮನೆಚಿತ್ರ ದಿನ' ನಡೆಯುತ್ತಿದೆ. ಜನರು ತಮ್ಮ ಮನೆಯ ಹಳೆಯ ಫಿಲಂ ತಂದು ಊರವರ ಜೊತೆ ಕೂತು ನೋಡುತ್ತಾರೆ. ನಿಪ್ಪಾಣಿಯಲ್ಲಿ ಅಂಥದೊಂದು ದಿನ ನಡೆಸಿ, 1982ರ ಆ ಚಿತ್ರವನ್ನು ಮೊದಲು ತೋರಿಸಬಾರದೇಕೆ?

ಆ ಹಿರಿಯರ ಕ್ಯಾಸೆಟ್ಟನ್ನು ನಾನು ಕೇಳಿ ತಂದು, ಕೊಲ್ಹಾಪುರದಲ್ಲಿ ಈ ಕೆಲಸ ಬಲ್ಲ ಒಬ್ಬರಿಗೆ ಕೊಟ್ಟೆ. ಮೂರು ತಾಸಿನ ಟೇಪಿನಲ್ಲಿ ಹೊರಬಂದದ್ದು ಹನ್ನೊಂದು ನಿಮಿಷ, ಅದರಲ್ಲಿಯೂ ಕೆಲವು ಕಡೆ ಧ್ವನಿ ಇಲ್ಲ. ಮನೆಯವರೆಲ್ಲ ಕೂತು ನೋಡಿದೆವು. ಹಿರಿಯರು ಬೆರಳು ತೋರಿಸಿ ಹೇಳುತ್ತ ಹೋದರು: "ಇಂವ ಗೌಡರ ತಮ್ಮ, ಬಿರಿಯಾನಿ ತಾನೇ ಬಡಿಸ್ತೀನಂತ ನಿಂತಿದ್ದ. ಇಕಿ ಬಡಿಗ್ಯಾರ ಅಕ್ಕ, ಮೂರು ದಿನಾ ನಮ್ಮನ್ಯಾಗ ಇದ್ಲು." ಸೊಸೆ ಹಾಳೆ ತಂದು ಹೆಸರುಗಳನ್ನು ಬರೆದುಕೊಳ್ಳತೊಡಗಿದರು. ಆಮೇಲೆ ಒಂದು ದೃಶ್ಯ ಬಂತು. ಪಂಕ್ತಿಯಿಂದ ದೂರ, ಅಂಗಳದ ಅಂಚಿನಲ್ಲಿ ಕೆಲವರು ತಮ್ಮ ತಾಟು ತಾವೇ ತಂದುಕೊಂಡು ಕೂತಿದ್ದರು. ಹಿರಿಯರು ಸುಮ್ಮನಾದರು. ಮಗ ನನ್ನ ಕಿವಿಯಲ್ಲಿ "ಸರ್, ಇಷ್ಟನ್ನ ಕಟ್ ಮಾಡಿಸಬಹುದಲ್ರಿ?" ಎಂದ. ನಾನು ಉತ್ತರಿಸುವ ಮೊದಲೇ ಹಿರಿಯರು ಹೇಳಿದರು: "ಇರ್ಲಿ ಬಿಡಪಾ. ಅವರೂ ನಮ್ಮ ಲಗ್ನಕ್ಕ ಬಂದವರ. ಅವರ ಹೆಸರೂ ನನಗ ಗೊತ್ತದಾವು. ಬರೀವಾ."

ಸೊಸೆ ಬರೆದರು. ದೂರದ ದೇಶದವರಿಗೆ ಚೌಕಟ್ಟಿನ ಹೊರಗೆ ಯಾರಿದ್ದಾರೆ ಎಂದು ಕೇಳುವ ನಾವು ನಮ್ಮ ಅಂಗಳದ ಅಂಚಿನಲ್ಲಿ ಕೂತವರನ್ನು ಕತ್ತರಿಸಿ ತೆಗೆದರೆ ಆ ಪ್ರಶ್ನೆ ಕೇಳುವ ಹಕ್ಕನ್ನೇ ಕಳೆದುಕೊಳ್ಳುತ್ತೇವೆ. ಅಮಾನತ್ತನ್ನು ಅರ್ಧ ಮರಳಿಸುವಂತಿಲ್ಲ.

ಹತ್ತನೆಯ ನಿಮಿಷಕ್ಕೆ ಆಕೆ ಬಂದರು. ಬಾಗಿಲಿನಿಂದ ಅಡುಗೆಮನೆಯವರೆಗೆ ನಾಲ್ಕು ಹೆಜ್ಜೆ ನಡೆದು, ತಿರುಗಿ ಯಾರನ್ನೋ ಕರೆದರು. ಅಲ್ಲಿ ಧ್ವನಿ ಇರಲಿಲ್ಲ. "ಯಾರನ್ನ ಕರಿಯಾಕತ್ತಾರ?" ಎಂದು ಸೊಸೆ ಕೇಳಿದರು. "ನನ್ನ" ಎಂದರು ಹಿರಿಯರು. ಸೊಸೆ ಅದನ್ನೂ ಹಾಳೆಯಲ್ಲಿ ಬರೆದುಕೊಂಡರು.